ಆಟದ ಬಯಲನ್ನು ಬೇಡಿದಾತ: ಪಿಯರ್ ದ ಕೂಬರ್ಟಿನ್

ಕಳೆದ ತಿಂಗಳು ನನ್ನ ತರಗತಿಯ ವಿದ್ಯಾರ್ಥಿಗಳಿಗೆ ಪ್ರಬಂಧ ಬರೆಯಲೆಂದು ಒಂದು ವಿಷಯವನ್ನು ಕೊಟ್ಟಿದ್ದೆ: ನನ್ನ ಮೆಚ್ಚಿನ ಆಟ. ಪಿ.ಯು.ಸಿ. ಮುಗಿಸಿ ಆಗತಾನೆ ಕಾಲೇಜಿಗೆ ಬಂದಿರುವ ಹದಿನೇಳು ಹದಿನೆಂಟರ ಮಕ್ಕಳು. ಹಳಗನ್ನಡ, ಛಂದಸ್ಸುಗಳ ನಡುವೆ ಅವರಿಗೂ ನನಗೂ ಸ್ವಲ್ಪ ಉಸಿರಾಡಲು ಎಡೆಯಾಗಲಿ ಎಂಬುದಷ್ಟೇ ನನ್ನ ಉದ್ದೇಶವಾಗಿದ್ದಿತು. ಹುಡುಗರಲ್ಲಿ ಬಹುಮಂದಿ ಕ್ರಿಕೆಟ್ಟನ್ನು ಹೊಗಳಿ ಬರೆದರು. ಒಬ್ಬಿಬ್ಬರು ವಾಲಿಬಾಲ್ ಆಟವನ್ನೂ, ಹಳ್ಳಿಯಿಂದ ಬಂದವನೊಬ್ಬ ಚಿನ್ನಿದಾಂಡನ್ನೂ ನೆನೆದಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವ ಹುಡುಗಿಯೊಬ್ಬಳು ತನಗೆ ಮೆಚ್ಚಿನ ಆಟ ಕಬಡ್ಡಿಯೆಂದು ಬರೆದು, ಅದನ್ನು ತಾನು ಒಂದು ದಿನವೂ ಆಡಿಲ್ಲವೆಂದೂ, ಶಾಲೆಯ ಕಿಟಕಿಯ ಸರಳುಗಳ ನಡುವೆ ಹುಡುಗರು ಆಡುವುದನ್ನು ನೋಡಿ ನಿಯಮಗಳನ್ನೆಲ್ಲ ಕಲಿತೆನೆಂದೂ ಎರಡನೆಯ ವಾಕ್ಯದಲ್ಲಿಯೇ ತಿಳಿಸಿದ್ದಳು. ಮಿಕ್ಕ ಒಂದೂವರೆ ಪುಟದಲ್ಲಿ ಆ ನಿಯಮಗಳ ವಿವರಣೆಯಿತ್ತು. ಒಂದೂ ತಪ್ಪಿರಲಿಲ್ಲ.

ನನ್ನ ಹೈಸ್ಕೂಲಿನ ದಿನಗಳು ನೆನಪಿಗೆ ಬಂದುವು. ವಾರಕ್ಕೆರಡು ಪಿ.ಟಿ. ಪೀರಿಯಡ್ಡುಗಳೆಂದು ವೇಳಾಪಟ್ಟಿಯಲ್ಲೇನೋ ಬರೆದಿದ್ದಿತು. ಒಂದನ್ನು ಗಣಿತದ ಮೇಷ್ಟ್ರು ಸಾಲವಾಗಿ ತೆಗೆದುಕೊಳ್ಳುತ್ತಿದ್ದರು. ಆ ಸಾಲ ಎಂದೂ ತೀರಲಿಲ್ಲ. ಇನ್ನೊಂದರಲ್ಲಿ ಬಿಸಿಲಲ್ಲಿ ಸಾಲಾಗಿ ನಿಂತು ಸಾವಧಾನ್, ವಿಶ್ರಾಮ್ ಆಗುತ್ತಿದ್ದಿತು. ಅದಾದ ಮೇಲೆ ಚೆಂಡು ಹುಡುಗರ ಪಾಲಿಗೆ, ಹೊಂಗೆಯ ಮರದ ನೆರಳು ಹುಡುಗಿಯರ ಪಾಲಿಗೆ. ಹುಡುಗರ ಚೀಲಗಳನ್ನೂ ಚಪ್ಪಲಿಗಳನ್ನೂ ಕಾಯುವುದು ನಮ್ಮ ವ್ಯಾಯಾಮ. ಇದರಲ್ಲಿ ಅನ್ಯಾಯವಿದೆಯೆಂದು ನಮಗಾಗಲಿ, ಪಾಪ, ನಮ್ಮ ಡ್ರಿಲ್ ಮೇಷ್ಟ್ರಿಗಾಗಲಿ ಅಂದು ತೋರಿರಲಿಲ್ಲ.

ಶಾಲೆಯ ಗೋಡೆಯೊಳಗೆ ಆಟಕ್ಕೆ ಎಡೆ ಬೇಕು, ಆ ಆಟವನ್ನು ಆರಿಸಿಕೊಳ್ಳುವ ಹಕ್ಕು ಮಕ್ಕಳಿಗೇ ಇರಬೇಕು ಎಂದು ಹಟ ಹಿಡಿದು ತನ್ನ ಆಯುಸ್ಸನ್ನೂ ಆಸ್ತಿಯನ್ನೂ ವೆಚ್ಚಮಾಡಿದ ಫ್ರೆಂಚರವನೊಬ್ಬನ ಚರಿತ್ರೆಯನ್ನು ಆ ಪ್ರಬಂಧಗಳ ಕಟ್ಟನ್ನು ಮುಂದಿಟ್ಟುಕೊಂಡೇ ಮತ್ತೊಮ್ಮೆ ಓದಿದೆ. ಪಿಯರ್ ದ ಕೂಬರ್ಟಿನ್ ಎಂದರೆ ಒಲಿಂಪಿಕ್ ಕ್ರೀಡೆಗಳನ್ನು ಪುನರುಜ್ಜೀವಿಸಿದವನೆಂದು ಸಾಮಾನ್ಯಜ್ಞಾನದ ಪುಸ್ತಕಗಳು ಹೇಳುತ್ತವೆ. ಸುಳ್ಳಲ್ಲ. ಆದರೆ ಆತ ಹೊರಟದ್ದು ಒಲಿಂಪಿಯಾಕ್ಕಲ್ಲ, ಶಾಲೆಗೆ.

1863ನೆಯ ಇಸವಿಯ ಜನವರಿ 1ರಂದು ಪ್ಯಾರಿಸ್ಸಿನಲ್ಲಿ ಆತ ಹುಟ್ಟಿದನು. ಹಳೆಯ ಶ್ರೀಮಂತ ಮನೆತನ, ತಂದೆ ಚಿತ್ರಕಾರ, ನಾರ್ಮಂಡಿಯ ಮಿರ್ವಿಲ್ ಎಂಬಲ್ಲಿ ತಾಯಿಯ ಕಡೆಯಿಂದ ಬಂದ ದೊಡ್ಡ ಬಂಗಲೆ. ಹುಡುಗನಿಗೆ ಏಳು ವರ್ಷವಾಗಿದ್ದಾಗ, 1870ರಲ್ಲಿ, ಪ್ರಷ್ಯಾದೊಡನೆ ಯುದ್ಧವಾಯಿತು. ಫ್ರಾನ್ಸ್ ಸೋತಿತು, ಆಲ್ಸೇಸ್ ಹೋಯಿತು, ಲೊರೇನಿನ ಒಂದು ಭಾಗವೂ ಹೋಯಿತು. ಸೋತ ದೇಶ ಕಾರಣಗಳನ್ನು ಹುಡುಕುವುದು ಲೋಕರೂಢಿ. ಯುದ್ಧವನ್ನು ಗೆದ್ದವನು ಪ್ರಷ್ಯದ ಸೈನಿಕನಲ್ಲ, ಅವನಿಗೆ ಪಾಠ ಹೇಳಿದ ಶಾಲಾ ಉಪಾಧ್ಯಾಯ ಎಂಬ ಮಾತು ಫ್ರಾನ್ಸಿನಲ್ಲೆಲ್ಲ ಹಬ್ಬಿತು. ಅದರ ಫಲವಾಗಿ 1880ರ ಕಾನೂನು ಗಂಡುಮಕ್ಕಳ ಶಾಲೆಗಳಲ್ಲಿ ಅಂಗಸಾಧನೆಯನ್ನು ಕಡ್ಡಾಯಮಾಡಿತು. 1882ರಲ್ಲಿ ಶಾಲಾ ದಳಗಳು ಹುಟ್ಟಿದುವು: ಹನ್ನೆರಡು ವರ್ಷ ದಾಟಿದ ಹುಡುಗರು ಹೆಗಲ ಮೇಲೆ ಮರದ ಕೋವಿಯನ್ನು ಹೊತ್ತು ಬೀದಿಯಲ್ಲಿ ಕವಾಯತು ನಡೆದರು. ನೋಡಲು ಊರವರು ಸೇರುತ್ತಿದ್ದರು. ಹತ್ತು ವರ್ಷ ಕಳೆಯುವುದರೊಳಗೆ ಆ ಉತ್ಸಾಹ ಇಳಿದು ದಳಗಳು ಅಳಿದವು.

ದೊಡ್ಡ ಹುಡುಗರು ಓದುತ್ತಿದ್ದ ಲಿಸೇಗಳ ಸ್ಥಿತಿಯೇ ಬೇರೆ. ನೆಪೋಲಿಯನ್ ಕಟ್ಟಿಸಿದ ಆ ವಿದ್ಯಾಶಾಲೆಗಳು ಸೈನಿಕರ ಬಿಡಾರವನ್ನು ಹೋಲುತ್ತಿದ್ದುವು. ಗಂಟೆಗಂಟೆಗೂ ನಗಾರಿಯ ಸದ್ದು. ದಿನಕ್ಕೆ ಹತ್ತು ಗಂಟೆಗೂ ಮೀರಿ ಬೆಂಚಿನ ಮೇಲೆ ಕುಳಿತು ಅಧ್ಯಯನ. ನಾಲ್ಕು ಗೋಡೆಗಳ ಅಂಗಳದಲ್ಲಿ ಅಷ್ಟಿಷ್ಟು ಬಿಡುವು, ಅದಕ್ಕೂ ಒಬ್ಬ ಕಾವಲುಗಾರ. ಎಲ್ಲಕ್ಕೂ ಮೇಲೆ ಬಾಕಲೋರಿಯಾ ಎಂಬ ದೊಡ್ಡ ಪರೀಕ್ಷೆಯ ಭೂತ. (ಹತ್ತನೆಯ ತರಗತಿಯ ಮಕ್ಕಳಿರುವ ಮನೆಯವರಿಗೆ ಈ ಭೂತವನ್ನು ನಾನು ಪರಿಚಯಿಸಬೇಕಾಗಿಲ್ಲ.) ಮಕ್ಕಳ ಮಿದುಳಿಗೆ ಆಗುತ್ತಿರುವ ಅತಿಶ್ರಮವನ್ನು ಕುರಿತು 1887ರಲ್ಲಿ ಫ್ರಾನ್ಸಿನ ವೈದ್ಯ ಅಕಾಡೆಮಿಯೇ ಚರ್ಚೆ ನಡೆಸಬೇಕಾಯಿತು.

ಆದರೆ ಹುಡುಗರು ಹುಡುಗರೇ ತಾನೆ. ದೊಡ್ಡವರು ಚರ್ಚೆಯನ್ನು ಆರಂಭಿಸುವುದಕ್ಕೆ ಮೊದಲೇ ಅವರು ತಮಗೆ ಬೇಕಾದುದನ್ನು ಹುಡುಕಿಕೊಂಡಿದ್ದರು. ಪ್ಯಾರಿಸ್ಸಿನ ಕೊಂಡೋರ್ಸೆ ಲಿಸೇಯ ಕೆಲವರು ಹುಡುಗರು ಸಮೀಪದ ಸೇಂಟ್ ಲಜಾರ್ ರೈಲ್ವೆ ನಿಲ್ದಾಣದ ವಿಶಾಲವಾದ ಹಜಾರದಲ್ಲಿ, ಪ್ರಯಾಣಿಕರ ನಡುವೆ ನುಸುಳುತ್ತ, ಓಟದ ಪಂದ್ಯಗಳನ್ನು ಕಟ್ಟುತ್ತಿದ್ದರೆಂದು ಹೇಳುತ್ತಾರೆ. ಮುಂದೆ ಅವರೂ ಅವರ ಗೆಳೆಯರೂ ಬುವಾ ದ ಬೊಲೊನ್ ಎಂಬ ಉಪವನಕ್ಕೆ ಹೋಗಿ 1882ರಲ್ಲಿ ರೇಸಿಂಗ್ ಕ್ಲಬ್ ಎಂಬ ಸಂಘವನ್ನು ಸ್ಥಾಪಿಸಿದರು. ಕುದುರೆ ಜೂಜಿನ ಅನುಕರಣೆ ಅವರಿಗೆ ಎಷ್ಟು ಹಿಡಿದಿತ್ತೆಂದರೆ, ಮೊದಮೊದಲು ಜಾಕಿಗಳಂತೆ ಬಣ್ಣದ ಟೋಪಿಯನ್ನೂ ಅಂಗಿಯನ್ನೂ ತೊಟ್ಟು, ತಮ್ಮ ತಮ್ಮ ಮೇಲೆಯೇ ಪಣ ಕಟ್ಟಿ ಓಡುತ್ತಿದ್ದರು! ಮರುವರ್ಷ ಸೇಂಟ್ ಲೂಯಿ ಲಿಸೇಯ ಹುಡುಗರಿಂದ ಸ್ತಾದ್ ಫ್ರಾನ್ಸೆ ಎಂಬ ಇನ್ನೊಂದು ಸಂಘ ಹುಟ್ಟಿತು. ಯಾವ ಶಿಕ್ಷಣ ಮಂತ್ರಿಯೂ ಇವನ್ನು ಹುಟ್ಟಿಸಲಿಲ್ಲ. ಸರ್ಕಾರ ಮರದ ಕೋವಿಯನ್ನು ಕೊಟ್ಟಿತು. ಹುಡುಗರು ಓಟವನ್ನು ಆರಿಸಿಕೊಂಡರು. ಕೂಬರ್ಟಿನ್ನನ ಜೀವನದ ಅರ್ಥವೆಲ್ಲ ನನಗೆ ಈ ಅಂತರದಲ್ಲಿಯೇ ಅಡಗಿರುವಂತೆ ತೋರುತ್ತದೆ.

ಆತ ಜೆಸ್ಯೂಯಿಟ್ ಪಾದ್ರಿಗಳ ಶಾಲೆಯಲ್ಲಿ ಓದಿದನು. ಮನೆಯವರಿಗೆ ಮಗ ಸೈನ್ಯಾಧಿಕಾರಿಯಾಗಲಿ ಎಂಬ ಆಸೆ. ಅದು ರುಚಿಸಲಿಲ್ಲ. ಕಾನೂನು ವ್ಯಾಸಂಗಕ್ಕೆ ಸೇರಿದನು; ಅದೂ ರುಚಿಸಲಿಲ್ಲ. 1883ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಹೋದನು. ಥಾಮಸ್ ಹ್ಯೂಸ್ 1857ರಲ್ಲಿ ಬರೆದ ಟಾಮ್ ಬ್ರೌನನ ಶಾಲಾದಿನಗಳ ಕಾದಂಬರಿ ಆತನ ಕೈಗೆ ಬಾಲ್ಯದಲ್ಲಿಯೇ ಬಂದಿತ್ತಂತೆ. ಅದರ ಕಥೆ ನಡೆಯುವುದು ರಗ್ಬಿ ಶಾಲೆಯಲ್ಲಿ. ಅದರ ಪೂಜ್ಯ ಪುರುಷ ಅಲ್ಲಿ 1828ರಿಂದ 1842ರ ವರೆಗೆ ಮುಖ್ಯೋಪಾಧ್ಯಾಯನಾಗಿದ್ದ ಥಾಮಸ್ ಆರ್ನಾಲ್ಡ್. ಈಟನ್, ಹ್ಯಾರೋಗಳನ್ನೆಲ್ಲ ಸುತ್ತಿ ನೋಡಿದ ಕೂಬರ್ಟಿನ್ನನ ಮನಸ್ಸು ಬಂದು ನಿಂತದ್ದು ರಗ್ಬಿಯ ಪ್ರಾರ್ಥನಾಮಂದಿರದಲ್ಲಿರುವ ಆರ್ನಾಲ್ಡನ ಸಮಾಧಿಯ ಬಳಿ. ಒಂದು ಸಾಮ್ರಾಜ್ಯದ ಬುನಾದಿಗಲ್ಲು ತನ್ನ ಕಣ್ಣೆದುರಿಗಿದೆಯೆಂಬಂತೆ ಆತನಿಗೆ ಅಲ್ಲಿ ಭಾವಾವೇಶವಾಯಿತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯುವಂತಿಲ್ಲ. ಆರ್ನಾಲ್ಡನಿಗೆ ಆಟಗಳಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ. ಆತನಿಗೆ ಬೇಕಾಗಿದ್ದುದು ಧರ್ಮ, ಶೀಲ, ಗ್ರೀಕ್ ಮತ್ತು ಲ್ಯಾಟಿನ್ ವಿದ್ಯೆ. ಆಟವನ್ನು ಶಿಕ್ಷಣದ ಅಂಗವಾಗಿ ಬೆಳಸಿದವರು ಆತನ ಅನಂತರ ಬಂದ ಬೇರೆ ಮುಖ್ಯೋಪಾಧ್ಯಾಯರು. ಕೂಬರ್ಟಿನ್ ಪೂಜಿಸಿದ ಆರ್ನಾಲ್ಡ್ ಅರ್ಧ ರಗ್ಬಿಯವನು, ಅರ್ಧ ಕಾದಂಬರಿಯವನು. ವಿದ್ವಾಂಸರು ಈ ತಪ್ಪನ್ನು ಎತ್ತಿ ಆಡಿದ್ದಾರೆ. ಸಾಹಿತ್ಯವನ್ನು ಬೋಧಿಸುವ ನನಗಾದರೋ ಇದರಲ್ಲಿ ಒಳಗೊಳಗೇ ಸಂತೋಷವಿದೆಯೆಂದು ಒಪ್ಪಿಕೊಳ್ಳುತ್ತೇನೆ. ಮಕ್ಕಳ ಕಾದಂಬರಿಯೊಂದನ್ನು ಹುಡುಗನೊಬ್ಬ ನಿಜವೆಂದು ನಂಬಿದ್ದರಿಂದ ಇಷ್ಟೆಲ್ಲ ನಡೆಯಿತು.

ತಪ್ಪು ಗುರುವಿನಿಂದಲೂ ಆತ ಒಂದು ಸರಿಯಾದ ಪಾಠವನ್ನು ಕಲಿತನು. ಆರ್ನಾಲ್ಡ್ ಮೇಲಿನ ತರಗತಿಯ ಹುಡುಗರಿಗೆ ಕಿರಿಯರ ಆಡಳಿತದ ಹೊಣೆಯನ್ನು ವಹಿಸಿಕೊಟ್ಟಿದ್ದನು. ಇಂಗ್ಲೆಂಡಿನ ಆಟದ ಬಯಲಿನಲ್ಲಿ ಕೂಬರ್ಟಿನ್ ಕಂಡದ್ದು ಬರಿಯ ಚೆಂಡನ್ನಲ್ಲ. ಹುಡುಗರು ತಾವೇ ನಾಯಕನನ್ನು ಆರಿಸಿಕೊಳ್ಳುತ್ತಾರೆ, ತಾವೇ ಚಂದಾ ಕೂಡಿಸುತ್ತಾರೆ, ತಾವೇ ನಿಯಮಗಳನ್ನು ಮಾಡಿ ತಾವೇ ಅವಕ್ಕೆ ತಲೆಬಾಗುತ್ತಾರೆ. ಅಪ್ಪಣೆಯಂತೆ ಕೈ ಮೇಲೆತ್ತಿ ಕೆಳಗಿಳಿಸುವ ಕಸರತ್ತು ಮಾಂಸಖಂಡವನ್ನು ಬೆಳಸಬಹುದು. ತಾನಾಗಿ ಆರಿಸಿಕೊಂಡ ಆಟ ಮನಸ್ಸನ್ನು ಬೆಳಸುತ್ತದೆ. ಪ್ರಜಾಪ್ರಭುತ್ವದ ಮೊದಲ ಪಾಠ ಚುನಾವಣೆಯ ದಿನ ಕಲಿಯುವುದಲ್ಲ, ಹದಿಮೂರು ಹದಿನಾಲ್ಕನೆಯ ವಯಸ್ಸಿನಲ್ಲಿ ಮೈದಾನದಲ್ಲಿ ಕಲಿಯುವುದು. ಇದು ಆತನ ಸಿದ್ಧಾಂತ.

ದೇಶಕ್ಕೆ ಹಿಂದಿರುಗಿದ ಮೇಲೆ ಆತ ಸುಮ್ಮನೆ ಕೂರಲಿಲ್ಲ. 1888ರಲ್ಲಿ ಇಂಗ್ಲೆಂಡಿನ ಶಿಕ್ಷಣವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಅದೇ ವರ್ಷ, ಹಿಂದೆ ಪ್ರಧಾನಿಯೂ ಶಿಕ್ಷಣ ಮಂತ್ರಿಯೂ ಆಗಿದ್ದ ವೃದ್ಧ ಜ್ಯೂಲ್ ಸಿಮೋನನನ್ನು ಅಧ್ಯಕ್ಷನನ್ನಾಗಿ ಮಾಡಿಕೊಂಡು, ಶಾಲೆಗಳಲ್ಲಿ ದೈಹಿಕ ವ್ಯಾಯಾಮವನ್ನು ಹರಡುವ ಸಮಿತಿಯೊಂದನ್ನು ಕಟ್ಟಿದನು. ಮುಖ್ಯೋಪಾಧ್ಯಾಯರ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿದನು. ಮೊಂಜ್ ಶಾಲೆ, ಆಲ್ಸೇಸ್ ಶಾಲೆ ಮುಂತಾದುವು ಬಾಗಿಲು ತೆರೆದುವು. ಗೋಡೆಯೊಳಗೆ ಕುಳಿತಿದ್ದ ಹುಡುಗರು ಉಪವನಕ್ಕೆ ಹೋಗಿ ಕುದುರೆ ಹತ್ತಿದರು, ದೋಣಿಗೆ ಹುಟ್ಟು ಹಾಕಿದರು. ಆರ್ಕೇಯ್ ಎಂಬಲ್ಲಿ ದಿದೋನ್ ಎಂಬ ಡೊಮಿನಿಕನ್ ಪಾದ್ರಿ ನಡೆಸುತ್ತಿದ್ದ ಶಾಲೆಗೆ 1891ರಲ್ಲಿ ಹೋಗಿ ಕೇಳಿಕೊಂಡಾಗ, ಆ ಪಾದ್ರಿ ಒಡನೆಯೇ ಒಪ್ಪಿದ್ದಲ್ಲದೆ ತನ್ನ ಹುಡುಗರ ಕ್ರೀಡಾಸಂಘಕ್ಕೆ ಮೂರು ಲ್ಯಾಟಿನ್ ಪದಗಳ ಧ್ಯೇಯವಾಕ್ಯವನ್ನೂ ಹೇಳಿಕೊಟ್ಟನು. ಹೆಚ್ಚು ವೇಗ, ಹೆಚ್ಚು ಎತ್ತರ, ಹೆಚ್ಚು ಬಲ ಎಂದು ಇಂದು ಲೋಕವೆಲ್ಲ ಒಲಿಂಪಿಕ್ ಧ್ಯೇಯವೆಂದು ತಿಳಿದಿರುವುದು ಹುಟ್ಟಿದ್ದು ಒಂದು ಶಾಲೆಯ ಅಂಗಳದಲ್ಲಿ, ಹದಿಹರೆಯದ ಹುಡುಗರಿಗಾಗಿ.

ಎದುರಾಳಿಗಳೂ ಇದ್ದರು. ಪಾಸ್ಕಲ್ ಗ್ರೂಸೆ ಎಂಬ ಬರಹಗಾರ 1888ರಲ್ಲಿಯೇ ಪ್ರತ್ಯೇಕವಾದ ರಾಷ್ಟ್ರೀಯ ಸಂಘವೊಂದನ್ನು ಕಟ್ಟಿ, ಫ್ರಾನ್ಸಿನ ಮಕ್ಕಳಿಗೆ ಫ್ರಾನ್ಸಿನ ಹಳೆಯ ಆಟಗಳೇ ಸಾಕು, ಇಂಗ್ಲಿಷರ ಎಂಜಲು ಬೇಡ ಎಂದು ವಾದಿಸಿದನು. ಬೊರ್ದೋ ನಗರದ ವೈದ್ಯ ತಿಸ್ಸಿಯೆ, ಪೈಪೋಟಿಯ ಆಟಗಳು ಬೆಳೆಯುವ ಮೈಯನ್ನು ದಣಿಸುತ್ತವೆ, ಸ್ವೀಡನ್ನಿನ ಕ್ರಮದ ಅಂಗಸಾಧನೆಯೇ ಹಿತವೆಂದನು. ಇವರ ವಾದಗಳಲ್ಲಿ ಹುರುಳಿರಲಿಲ್ಲವೆಂದು ನಾನು ಹೇಳಲಾರೆ. ನಮ್ಮ ಕಡೆಯೂ ಗರಡಿಯೋ ಕ್ರಿಕೆಟ್ಟೋ, ಖೋಖೋವೋ ಬ್ಯಾಸ್ಕೆಟ್‌ಬಾಲೋ ಎಂದು ಇಂಥದೇ ಜಗಳವನ್ನು ಕೇಳಿದ್ದೇವಷ್ಟೆ. ಆದರೆ ಯಾವ ಆಟವೆಂಬ ಈ ವ್ಯಾಜ್ಯದಲ್ಲಿ, ಯಾರು ಆರಿಸಬೇಕೆಂಬ ಪ್ರಶ್ನೆಯನ್ನು ಬಿಡದೆ ಹಿಡಿದಿದ್ದವನು ಕೂಬರ್ಟಿನ್ ಒಬ್ಬನೇ ಎಂದು ನನ್ನ ಎಣಿಕೆ.

1889ರಲ್ಲಿ ಪ್ಯಾರಿಸ್ಸಿನ ಮಹಾ ವಸ್ತುಪ್ರದರ್ಶನದ ಕಾಲಕ್ಕೆ ದೈಹಿಕ ವ್ಯಾಯಾಮದ ಸಮ್ಮೇಳನವೊಂದು ಸೇರಿತು. ಅದಕ್ಕಾಗಿ ಆತ ಇಂಗ್ಲಿಷ್ ನುಡಿಯುವ ದೇಶಗಳ ಶಾಲೆಗಳಿಗೆಲ್ಲ ಪ್ರಶ್ನಾವಳಿಯನ್ನು ಕಳುಹಿಸಿ, ನಿಮ್ಮಲ್ಲಿ ಯಾವ ಯಾವ ಆಟಗಳಿವೆ, ಅವಕ್ಕೆ ಎಷ್ಟು ಹೊತ್ತನ್ನು ಕೊಡುತ್ತೀರಿ ಎಂದು ವಿಚಾರಿಸಿದನು. ಅದೇ ವರ್ಷ ಸರ್ಕಾರದ ಪರವಾಗಿ ಅಮೆರಿಕಕ್ಕೆ ಹೋಗಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮುಂತಾದ ವಿದ್ಯಾಪೀಠಗಳನ್ನು ನೋಡಿದನು. ಬಾಸ್ಟನ್ ನಗರದಲ್ಲಿ ಸೇರಿದ್ದ ಸಭೆಯಲ್ಲಿ ಸ್ವೀಡನ್ನಿನ ಪದ್ಧತಿಯವರೂ ಜರ್ಮನಿಯ ಪದ್ಧತಿಯವರೂ ತೋಳಿಗೆ ಯಾವ ಚಲನೆ ಮೊದಲು, ಕಾಲಿಗೆ ಯಾವುದು ಅನಂತರ ಎಂದು ಹೋರಾಡುತ್ತಿದ್ದಾಗ, ಈತ ಎದ್ದು ಇಂಗ್ಲಿಷರ ಸ್ವತಂತ್ರ ಕ್ರೀಡೆಯ ಪರವಾಗಿ ಮಾತನಾಡಿದನು. ಮರುವರ್ಷ ಇಂಗ್ಲೆಂಡಿನ ಮಚ್ ವೆನ್‌ಲಾಕ್ ಎಂಬ ಪುಟ್ಟ ಊರಿಗೆ ಹೋದನು. ಬ್ರೂಕ್ಸ್ ಎಂಬ ವೃದ್ಧ ವೈದ್ಯ ಅಲ್ಲಿ ಬಹುಕಾಲದಿಂದ ಊರವರಿಗಾಗಿ ಒಲಿಂಪಿಕ್ ಎಂಬ ಹೆಸರಿನ ಆಟಗಳನ್ನು ನಡೆಸುತ್ತಿದ್ದನು; ಶಾಲೆಗಳಲ್ಲಿ ವ್ಯಾಯಾಮ ಕಡ್ಡಾಯವಾಗಲಿ ಎಂದು ಸರ್ಕಾರಕ್ಕೆ ಅರ್ಜಿ ಬರೆದು ಬರೆದು ಹಣ್ಣಾಗಿದ್ದವನು. ಆ ಎರಡು ಜೀವಗಳು ಒಂದನ್ನೊಂದು ಒಡನೆಯೇ ಗುರುತಿಸಿಕೊಂಡಿರಬೇಕು.

ಮುಂದಿನದು ಎಲ್ಲರೂ ಬಲ್ಲ ಕಥೆ. 1892ರ ಮಾರ್ಚಿಯಲ್ಲಿ ಫ್ರಾನ್ಸಿನ ಮೊದಲ ರಗ್ಬಿ ಚಾಂಪಿಯನ್‌ಷಿಪ್ಪಿನ ಪಂದ್ಯಕ್ಕೆ ಆತನೇ ರೆಫರಿಯಾಗಿ ನಿಂತನು. ಆಡಿದ್ದು ಆ ಲಿಸೇ ಹುಡುಗರ ರೇಸಿಂಗ್ ಕ್ಲಬ್ಬು ಮತ್ತು ಸ್ತಾದ್ ಫ್ರಾನ್ಸೆಯೇ. ಅದೇ ವರ್ಷದ ನವೆಂಬರಿನಲ್ಲಿ ಸೊರ್ಬೊನ್ ವಿದ್ಯಾಪೀಠದಲ್ಲಿ ಒಲಿಂಪಿಕ್ ಕ್ರೀಡೆಗಳ ಮಾತನ್ನು ಎತ್ತಿದನು. ಕೈ ತಟ್ಟಿದರು, ಮರೆತರು. 1894ರ ಜೂನಿಯಲ್ಲಿ ಮತ್ತೆ ಎತ್ತಿದನು. ಈ ಸಲ ನಿರ್ಣಯವಾಯಿತು. 1896ರಲ್ಲಿ ಅಥೆನ್ಸಿನಲ್ಲಿ ಕ್ರೀಡೆಗಳು ನಡೆದುವು. 1925ರ ವರೆಗೆ ಆತನೇ ಅಧ್ಯಕ್ಷ. ಶಾಲೆಯ ಬಾಗಿಲು ಒಳಗಿನಿಂದ ತೆರೆಯದಿದ್ದರೆ ಲೋಕವೇ ಹೊರಗಿನಿಂದ ತಳ್ಳಲಿ ಎಂಬುದು ಆತನ ಯೋಚನೆಯಾಗಿತ್ತು. ದೊಡ್ಡ ಸ್ಪರ್ಧೆಯ ಕೀರ್ತಿಯನ್ನು ಕಂಡು ಮಂತ್ರಿಗಳೂ ತಂದೆತಾಯಿಗಳೂ ಮಕ್ಕಳನ್ನು ಬಯಲಿಗೆ ಬಿಡುತ್ತಾರೆಂದು ಭಾವಿಸಿದನು. ಆದದ್ದು ಬೇರೆ. ಲೋಕ ಸ್ಪರ್ಧೆಯನ್ನು ಹಿಡಿದುಕೊಂಡಿತು. ಶಾಲೆ ಮೊದಲಿದ್ದಂತೆಯೇ ಇದ್ದಿತು.

ಆತ ಮಾತ್ರ ಶಾಲೆಯನ್ನು ಮರೆಯಲಿಲ್ಲ. 1905ರಲ್ಲಿ ಉಪಯುಕ್ತ ಅಂಗಸಾಧನೆಯನ್ನು ಕುರಿತು ಪುಸ್ತಕ ಬರೆದನು. ನೀರಿಗೆ ಬಿದ್ದವನನ್ನು ಎತ್ತುವುದು, ತನ್ನನ್ನು ರಕ್ಷಿಸಿಕೊಳ್ಳುವುದು, ಕುದುರೆ ಸೈಕಲ್ಲು ದೋಣಿಗಳ ಮೇಲೆ ಸಾಗುವುದು: ಎಲ್ಲವನ್ನೂ ತಕ್ಕಮಟ್ಟಿಗೆ ಬಲ್ಲ, ಎಲ್ಲಿ ಬಿಟ್ಟರೂ ದಾರಿ ಕಂಡುಕೊಳ್ಳುವ ಹುಡುಗ ಆತನ ಆದರ್ಶ. ಒಂದೇ ಆಟದಲ್ಲಿ ಪದಕ ತರುವ ಹುಡುಗನಲ್ಲ ಎಂಬುದನ್ನು ಗಮನಿಸಬೇಕು. 1922ರಲ್ಲಿ ಕ್ರೀಡಾಬೋಧನೆಯ ಶಾಸ್ತ್ರವನ್ನೇ ಒಂದು ಗ್ರಂಥದಲ್ಲಿ ನಿರೂಪಿಸಿದನು. ಪ್ರಾಚೀನ ಗ್ರೀಕರಲ್ಲಿದ್ದಂತೆ ಊರೂರಿಗೂ ಒಂದು ವ್ಯಾಯಾಮಶಾಲೆ, ಶುಲ್ಕವಿಲ್ಲದೆ ಕೂಲಿಕಾರನ ಮಗನಿಗೂ ತೆರೆದದ್ದು, ಇರಬೇಕೆಂದು ಕೇಳಿದನು.

ಮಗನಿಗೆ, ಸರಿ. ಮಗಳಿಗೆ? ಇಲ್ಲಿಗೆ ಬಂದಾಗಲೆಲ್ಲ ನಾನು ಪುಸ್ತಕವನ್ನು ಮುಚ್ಚಿಡುತ್ತೇನೆ. ಹೆಂಗಸರು ಸ್ಪರ್ಧಾಂಗಣಕ್ಕೆ ಇಳಿಯುವುದನ್ನು ಆತ ಕೊನೆಯ ವರೆಗೂ ಒಪ್ಪಲಿಲ್ಲ. ಅದು ಸೊಗಸಲ್ಲ ಎಂಬುದು ಆತನ ಭಾವನೆ. ಗೆದ್ದ ಗಂಡಸರ ಕೊರಳಿಗೆ ಹಾರ ಹಾಕುವುದೇ ಆಕೆಗೆ ತಕ್ಕ ಪಾತ್ರವೆಂದು ಎಣಿಸಿದ್ದನು. 1900ರಲ್ಲಿ ಪ್ಯಾರಿಸ್ಸಿನಲ್ಲಿಯೇ ಸ್ತ್ರೀಯರು ಟೆನಿಸ್ಸನ್ನೂ ಗಾಲ್ಫನ್ನೂ ಆಡಿದರು. 1922ರಲ್ಲಿ ಅದೇ ನಗರದಲ್ಲಿ ಆಲಿಸ್ ಮಿಲಿಯಾ ಎಂಬಾಕೆ ಸ್ತ್ರೀಯರಿಗಾಗಿಯೇ ಅಂತರರಾಷ್ಟ್ರೀಯ ಕ್ರೀಡೆಗಳನ್ನು ನಡೆಸಿ ತೋರಿಸಿದಳು. ಆತ ಹುದ್ದೆಯಿಂದ ಇಳಿದ ಮೇಲೆ, 1928ರ ಆಂಸ್ಟರ್‌ಡಾಂ ಕ್ರೀಡೆಗಳಲ್ಲಿ, ಸ್ತ್ರೀಯರು ಮೊದಲ ಬಾರಿಗೆ ಓಟದ ಅಂಕಣಕ್ಕೆ ಇಳಿದರು. ಕಾಲಧರ್ಮವೆಂದು ಹೇಳಿ ಇದನ್ನು ಮನ್ನಿಸುವವರಿದ್ದಾರೆ. ಆದರೆ ಅದೇ ಕಾಲದಲ್ಲಿ ಮಿಲಿಯಾ ಇರಲಿಲ್ಲವೆ? ಆಟವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಶಿಕ್ಷಣವೆಂದು ಕಂಡುಕೊಂಡವನು ಅರ್ಧ ತರಗತಿಯನ್ನು ಹೊಂಗೆಯ ನೆರಳಿನಲ್ಲಿ ಕೂರಿಸಿದನಲ್ಲ! ಈ ಮನುಷ್ಯನನ್ನು ಪ್ರೀತಿಸುವುದು ನನಗೆ ಸುಲಭವಾಗಿಲ್ಲ, ಬಿಡುವುದೂ ಸುಲಭವಾಗಿಲ್ಲ.

ನಮ್ಮ ನಾಡಿಗೂ ಆತನ ಸೂತ್ರದ ಒಂದು ಎಳೆ ಬಂದು ತಾಕಿದೆ. ಆತ ಅಧ್ಯಕ್ಷನಾಗಿದ್ದ ಕಾಲದಲ್ಲಿಯೇ, ದೊರಾಬ್ಜಿ ತಾತಾ ಅವರ ಪ್ರಯತ್ನದಿಂದ, 1920ರ ಆಂಟ್ವರ್ಪ್ ಕ್ರೀಡೆಗಳಿಗೆ ಭಾರತದಿಂದ ಚಿಕ್ಕ ತಂಡವೊಂದು ಹೋಯಿತು. ಅದರಲ್ಲಿ ಬೆಳಗಾವಿಯ ಕಡೆಯ ಫಡೆಪ್ಪ ಚೌಗುಲೆ ಅವರಿದ್ದರು. ಅವರು ಮ್ಯಾರಥಾನ್ ಓಟವನ್ನು ಹತ್ತೊಂಬತ್ತನೆಯವರಾಗಿ ಮುಗಿಸಿದರು.

ಕೂಬರ್ಟಿನ್ನನ ಕೊನೆಯ ವರ್ಷಗಳು ಸುಖದವಲ್ಲ. 1895ರಲ್ಲಿ ಮದುವೆಯಾಗಿದ್ದ ಮಾರಿ ರೋಥಾನಳಿಂದ ಇಬ್ಬರು ಮಕ್ಕಳು. ಮಗ ಎಳವೆಯಲ್ಲಿಯೇ ಬಿಸಿಲ ಹೊಡೆತಕ್ಕೆ ಸಿಕ್ಕಿ ಶಾಶ್ವತವಾಗಿ ಅಸ್ವಸ್ಥನಾದನು. ಮಗಳ ಮನಸ್ಸೂ ಸ್ವಸ್ಥವಾಗಿರಲಿಲ್ಲ. ಲೋಕದ ಮಕ್ಕಳೆಲ್ಲ ಓಡಲಿ, ಈಜಲಿ ಎಂದು ಹಂಬಲಿಸಿದವನ ಮನೆಯಲ್ಲಿ ಇದು ನಡೆದುದು. ತಂದೆತಾಯಿಗಳ ಆಸ್ತಿ ಕ್ರೀಡಾ ಪ್ರಚಾರಕ್ಕೂ, ಯುದ್ಧಾನಂತರದ ಹಣದ ಕುಸಿತಕ್ಕೂ ಕರಗಿಹೋಯಿತು. 1915ರಲ್ಲಿ ಒಲಿಂಪಿಕ್ ಸಮಿತಿಯ ಕೇಂದ್ರವನ್ನು ಸ್ವಿಟ್ಸರ್‌ಲೆಂಡಿನ ಲೋಜಾನ್ ನಗರಕ್ಕೆ ಸಾಗಿಸಿದ್ದನು. ಮುಂದೆ ತಾನೂ ಅಲ್ಲಿಯೇ ನೆಲಸಿದನು. ಅಧ್ಯಕ್ಷ ಪದವಿಯನ್ನು ಬಿಟ್ಟ ಮೇಲೆ ಮತ್ತೆ ಶಿಕ್ಷಣದ ಕೆಲಸಕ್ಕೇ ತೊಡಗಿ, ವಿಶ್ವ ಶಿಕ್ಷಣ ಸಂಘ, ಕ್ರೀಡಾಬೋಧನೆಯ ಕಚೇರಿ ಎಂದು ಒಂದಾದಮೇಲೊಂದನ್ನು ಕಟ್ಟಿದನು. ಯಾರೂ ಹೆಚ್ಚಾಗಿ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಬರ್ಲಿನ್ನಿನ 1936ರ ಕ್ರೀಡೆಗಳನ್ನು, ಅವುಗಳ ಹಿಂದಿದ್ದ ಆಡಳಿತದ ಸ್ವರೂಪವನ್ನು ಗಣಿಸದೆ, ಆತ ಹೊಗಳಿದನೆಂಬುದೂ ಚರಿತ್ರೆಯಲ್ಲಿದೆ. ಮರದ ಕೋವಿಯ ಕವಾಯತನ್ನು ಒಪ್ಪದಿದ್ದ ತರುಣ ಆ ಮುದುಕನನ್ನು ನೋಡಿದ್ದರೆ ಏನೆನ್ನುತ್ತಿದ್ದನೋ.

ಗಿಡ್ಡ ಮೈಕಟ್ಟು, ದೊಡ್ಡ ಮೀಸೆ. ಮುಪ್ಪಿನಲ್ಲಿಯೂ ಸರೋವರದಲ್ಲಿ ದೋಣಿಯ ಹುಟ್ಟು ಹಾಕುವುದನ್ನು ಬಿಟ್ಟಿರಲಿಲ್ಲ. 1937ರ ಸೆಪ್ಟೆಂಬರ್ 2ರಂದು ಜಿನೀವದ ಉದ್ಯಾನವೊಂದರಲ್ಲಿ ನಡೆಯುತ್ತಿದ್ದಾಗ ಹೃದಯ ನಿಂತು ಕುಸಿದುಬಿದ್ದನು. ದೇಹವನ್ನು ಲೋಜಾನಿನಲ್ಲಿ ಮಣ್ಣುಮಾಡಿದರು. ಆತನ ಇಚ್ಛೆಯಂತೆ ಹೃದಯವನ್ನು ಬೇರ್ಪಡಿಸಿ, 1938ರ ಮಾರ್ಚಿಯಲ್ಲಿ ಗ್ರೀಸಿನ ಒಲಿಂಪಿಯಾದ ಶಿಲಾಸ್ತಂಭವೊಂದರೊಳಗೆ ಇಟ್ಟರು. ಪತ್ನಿ ಇನ್ನೂ ಕಾಲು ಶತಮಾನ ಬದುಕಿ, ನೂರು ವರ್ಷವನ್ನು ದಾಟಿ, 1963ರಲ್ಲಿ ತೀರಿಕೊಂಡಳು.

ಪ್ರಬಂಧಗಳ ಕಟ್ಟನ್ನು ಮೊನ್ನೆ ಹಿಂದಿರುಗಿಸಿದೆ. ಕಬಡ್ಡಿಯ ಹುಡುಗಿಗೆ ಹೆಚ್ಚಿನ ಅಂಕ ಬಂದಿದೆ. ಎರಡು ಕಡೆ ಒತ್ತಕ್ಷರವನ್ನು ತಿದ್ದಿದ್ದೇನೆ. ಕೆಳಗೆ ಏನಾದರೂ ಬರೆಯಬೇಕೆಂದು ಲೇಖನಿ ಹಿಡಿದು ಬಹಳ ಹೊತ್ತು ಕುಳಿತಿದ್ದೆ, ಬರೆಯಲಿಲ್ಲ. ಎದ್ದುಹೋಗಿ ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಂಡು, ಸಂಜೆ ಅಂಕಣ ಎಷ್ಟು ಹೊತ್ತಿಗೆ ಬಿಡುವಾಗಿರುತ್ತದೆಂದು ಕೇಳಿದೆ.